ಸೈಕಲ್ಲಿನಿಂದ ಇಳಿಯುವುದನ್ನು ಮೊದಲು ಕಲಿಸೋಣ

ಮಕ್ಕಳಿಗೆ ಸೈಕಲ್ಲು ಕಲಿಸುವಾಗ ನಾವೆಲ್ಲ ಬಹುಮಟ್ಟಿಗೆ ಒಂದೇ ಕ್ರಮವನ್ನು ಅನುಸರಿಸುತ್ತೇವೆ. ಹಿಂದಿನಿಂದ ಸೀಟು ಹಿಡಿದು ಓಡುತ್ತೇವೆ, ಮುಂದೆ ನೋಡು, ತುಳಿ ಎಂದು ಕೂಗುತ್ತೇವೆ, ಹದ ಸಿಕ್ಕಿತೆಂದು ತೋರಿದ ಗಳಿಗೆಯಲ್ಲಿ ಅವರಿಗೆ ತಿಳಿಯದಂತೆ ಕೈ ಬಿಡುತ್ತೇವೆ. ಮಗು ಸ್ವಲ್ಪ ದೂರ ಒಂಟಿಯಾಗಿ ಹೋಗಿ, ಹಿಂದೆ ಯಾರೂ ಇಲ್ಲವೆಂಬುದು ಅರಿವಿಗೆ ಬಂದಾಗ ನಿಲ್ಲಿಸಲು ನೋಡುತ್ತದೆ. ಆದರೆ ನಿಲ್ಲಿಸಿ ಇಳಿಯುವುದು ಹೇಗೆಂದು ನಾವು ಅದಕ್ಕೆ ಹೇಳಿಯೇ ಇರುವುದಿಲ್ಲ. ಕಾಲುಗಳು ಪೆಡಲ್ಲು ಬಿಟ್ಟು ಗಾಳಿಯಲ್ಲಿ ಚಾಚಿಕೊಳ್ಳುತ್ತವೆ, ಹ್ಯಾಂಡಲ್ಲು ಅಡ್ಡ ತಿರುಗುತ್ತದೆ, ಮಗು ಬೇಲಿಯ ಮೇಲೋ ನೆಲದ ಮೇಲೋ ಬೀಳುತ್ತದೆ. ಬಿದ್ದೇ ಕಲಿಯಬೇಕು ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇಳಿಯುವುದನ್ನು ಹತ್ತುವುದಕ್ಕಿಂತ ಮೊದಲು ಕಲಿಸಿದರೆ ಇಂಥ ಬೀಳುಗಳಲ್ಲಿ ಹೆಚ್ಚಿನವು ಆಗುವುದೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದಕ್ಕೆ ಕಾರಣಗಳನ್ನು ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ದಾವಣಗೆರೆಯ ಸುತ್ತಮುತ್ತಲಿನ ಹಳ್ಳಿಗಳ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ, ನಡುವೆ ಕೆಲವು ವರ್ಷ ಚಿತ್ರದುರ್ಗದಲ್ಲಿಯೂ ಕೆಲಸ ಮಾಡಿದವನು ನಾನು. ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು 2006-07ರಲ್ಲಿ ಆರಂಭಿಸಿದ ಮೇಲೆ ನಮ್ಮ ಶಾಲೆಗಳ ಅಂಗಳದ ನೋಟವೇ ಬದಲಾಯಿತು. ಅಲ್ಲಿಯವರೆಗೆ ಅಪ್ಪನದೋ ಸೋದರಮಾವನದೋ ದೊಡ್ಡ ಸೈಕಲ್ಲಿನ ಪೈಪುಗಳ ನಡುವೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತ ಕಲಿತ ಹುಡುಗರು ಇದ್ದರು; ಯೋಜನೆ ಬಂದ ನಂತರ ಅವರ ಪಕ್ಕದಲ್ಲಿ, ಸೈಕಲ್ಲನ್ನು ಕೈಯಲ್ಲಿ ಹಿಡಿದೂ ನೋಡದ ಹುಡುಗಿಯರು ತಮ್ಮದೇ ಹೊಸ ಸೈಕಲ್ಲು ಹಿಡಿದು ನಿಂತರು. ಅವರಿಗೆ ಮೈದಾನದಲ್ಲಿ ಕಲಿಸುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಆಮೇಲೆ ಮಕ್ಕಳ ತಾಯಂದಿರು, ಅಂಗನವಾಡಿಯ ಅಕ್ಕಂದಿರು, ನಿವೃತ್ತರಾದ ಹಿರಿಯರೂ ಬರಲಾರಂಭಿಸಿದರು. ಇಲ್ಲಿ ಬರೆಯುವುದೆಲ್ಲ ಹೀಗೆ ಕಲಿಸುತ್ತ ಕಂಡದ್ದು.

ಇಳಿಯುವಾಗಲೇ ಏಕೆ ಬೀಳುತ್ತೇವೆ ಎಂಬುದನ್ನು ಮೊದಲು ನೋಡೋಣ. ಸೈಕಲ್ಲು ಒಂದು ಮಟ್ಟದ ವೇಗದಲ್ಲಿ ಓಡುವಾಗ ಬಹುಮಟ್ಟಿಗೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ: ಎಡಕ್ಕೆ ವಾಲಿದರೆ ಮುಂದಿನ ಚಕ್ರ ತಾನಾಗಿಯೇ ತುಸು ಎಡಕ್ಕೆ ತಿರುಗಿ, ವಾಲುತ್ತಿರುವ ಭಾರದ ಕೆಳಗೆ ಬಂದು ನಿಲ್ಲುತ್ತದೆ. ವೇಗ ನಡಿಗೆಯ ಮಟ್ಟಕ್ಕೆ ಇಳಿದಾಗ ಈ ಸಹಾಯ ತಪ್ಪಿಹೋಗಿ, ಹದ ಕಾಯುವ ಹೊಣೆಯೆಲ್ಲ ಸವಾರನ ಕೈಗೆ ಬರುತ್ತದೆ. ಇಳಿಯುವ ಕ್ಷಣವೆಂದರೆ ಇದೇ ಕ್ಷಣ. ಯಂತ್ರದ ನೆರವು ಅತ್ಯಂತ ಕಡಿಮೆ ಇರುವಾಗ ನಾವು ದೇಹದ ಭಾರವನ್ನು ಒಂದು ಕಡೆಗೆ ಸರಿಸುತ್ತೇವೆ, ಒಂದು ಕಾಲನ್ನು ಪೆಡಲ್ಲಿನಿಂದ ತೆಗೆಯುತ್ತೇವೆ, ಕಣ್ಣನ್ನು ರಸ್ತೆಯಿಂದ ಕಾಲಿನ ಕಡೆಗೆ ತಿರುಗಿಸುತ್ತೇವೆ. ಇದಕ್ಕೆ ಹೆದರಿ ವೇಗವಿರುವಾಗಲೇ ಇಳಿಯಲು ಹೋದರೆ ಇನ್ನೊಂದು ತೊಂದರೆ ಕಾದಿರುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು; ಕಾಲು ನೆಲ ಮುಟ್ಟಿದಾಗ ಅಂಗಾಲು ನಿಲ್ಲುತ್ತದೆ, ದೇಹ ಅದೇ ವೇಗದಲ್ಲಿ ಮುಂದುವರಿಯುತ್ತದೆ. ಓಡುವ ಬಸ್ಸಿನಿಂದ ಇಳಿದವನು ಬಸ್ಸಿನ ದಿಕ್ಕಿನಲ್ಲೇ ನಾಲ್ಕು ಹೆಜ್ಜೆ ಓಡಬೇಕಾಗುವುದು ಇದೇ ಕಾರಣಕ್ಕೆ, ಆದರೆ ಅವನ ಕೈಯಲ್ಲಿ ಸೈಕಲ್ಲಿರುವುದಿಲ್ಲ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 5 ಕಿಲೋಮೀಟರಿನ ನಡಿಗೆಯ ವೇಗಕ್ಕಿಂತ 15 ಕಿಲೋಮೀಟರ್ ವೇಗದಲ್ಲಿ ಬೀಳುವ ದೇಹ ಒಂಬತ್ತು ಪಟ್ಟು ಶಕ್ತಿಯನ್ನು ನೆಲಕ್ಕೆ ಕೊಡಬೇಕಾಗುತ್ತದೆ. ಬೀಳುವಾಗ ಕೈ ಊರುವುದು ಸಹಜವಾದ್ದರಿಂದ ಆ ಪೆಟ್ಟು ಬಹಳ ಸಲ ಮಣಿಕಟ್ಟಿನ ಮೂಳೆಗೆ ಬೀಳುತ್ತದೆ.

ಹಾಗಾಗಿ ನನ್ನ ಮೊದಲ ಪಾಠದಲ್ಲಿ ಯಾರೂ ಪೆಡಲ್ಲು ತುಳಿಯುವುದಿಲ್ಲ. ಸೈಕಲ್ಲಿನ ಎಡಗಡೆ ನಿಂತು, ಎರಡೂ ಕೈಗಳಿಂದ ಹ್ಯಾಂಡಲ್ಲು ಹಿಡಿದು, ಮೈದಾನವನ್ನು ಸುತ್ತುತ್ತ ಸೈಕಲ್ಲನ್ನು ನಡೆಸಬೇಕು. ನಿಲ್ಲು ಎಂದಾಗ ಬ್ರೇಕಿನಿಂದಲೇ ನಿಲ್ಲಿಸಬೇಕು. ಎಳೆದು ಹಿಡಿದು ನಿಲ್ಲಿಸುವಂತಿಲ್ಲ. ಇದನ್ನು ಮಕ್ಕಳು ಮೊದಮೊದಲು ಬೇಸರದಿಂದ ಮಾಡುತ್ತಾರೆ, ಆದರೆ ಸೈಕಲ್ಲಿನ ತೂಕ ಎತ್ತ ವಾಲುತ್ತದೆ, ಯಾವ ಕೈಗೆ ಎಷ್ಟು ಬಲ ಕೊಟ್ಟರೆ ಚಕ್ರ ಎಷ್ಟು ಬೇಗ ನಿಲ್ಲುತ್ತದೆ ಎಂಬುದೆಲ್ಲ ಅವರ ಅಂಗೈಗೆ ಇಲ್ಲಿಯೇ ಪರಿಚಯವಾಗುತ್ತದೆ. ಎರಡನೆಯ ಹಂತದಲ್ಲಿ ಸೀಟನ್ನು ಎರಡೂ ಅಂಗಾಲು ನೆಲಕ್ಕೆ ಪೂರ್ತಿ ಊರುವಷ್ಟು ಇಳಿಸಿ, ಕುಳಿತು, ಕಾಲಿನಿಂದ ನೆಲವನ್ನು ನೂಕುತ್ತ ಸಾಗುವುದು, ಬ್ರೇಕು ಹಿಡಿದು ನಿಲ್ಲುವುದು, ಸೀಟಿನಿಂದ ಮುಂದಕ್ಕೆ ಬಂದು ಇಳಿಯುವುದು. ಇಳಿಯುವುದು ಯೋಚಿಸದೆಯೇ ಬರುವಂತಾದ ಮೇಲೆ ಪೆಡಲ್ಲಿಗೆ ಕಾಲಿಡುತ್ತೇವೆ. ಈ ಕ್ರಮದಲ್ಲಿ ಕಲಿತವರು ಮೊದಲ ಸಲ ತುಳಿಯುವಾಗಲೂ ಭಯಪಡುವುದು ಕಡಿಮೆ, ಏಕೆಂದರೆ ಏನಾದರೂ ಆದರೆ ನಿಲ್ಲಿಸಿ ಇಳಿಯಬಲ್ಲೆನೆಂಬ ನಂಬಿಕೆ ಅವರಲ್ಲಿ ಆಗಲೇ ಬೇರೂರಿರುತ್ತದೆ.

ಬ್ರೇಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯ ಹಿಡಿ ಮುಂದಿನ ಚಕ್ರದ ಬ್ರೇಕಿಗೆ, ಎಡಗೈಯದು ಹಿಂದಿನದಕ್ಕೆ ಸೇರಿರುತ್ತದೆ. ಆದರೂ ಹೊಸದಾಗಿ ಕೈಗೆ ಬಂದ ಪ್ರತಿ ಸೈಕಲ್ಲನ್ನೂ ಹತ್ತುವ ಮೊದಲು ಒಂದೊಂದಾಗಿ ಹಿಡಿದು ನೋಡುವುದು ಒಳ್ಳೆಯದು. ವೇಗ ತಗ್ಗುವಾಗ ದೇಹದ ಭಾರ ಮುಂದಿನ ಚಕ್ರದ ಮೇಲೆ ಸರಿಯುತ್ತದೆ. ಆದ್ದರಿಂದ ಮುಂದಿನ ಬ್ರೇಕು ಹೆಚ್ಚು ಬಲವಾಗಿ ನಿಲ್ಲಿಸುತ್ತದೆ, ಹಿಂದಿನ ಚಕ್ರ ಹಗುರಾಗಿ ಬೇಗ ಜಾರುತ್ತದೆ. ಮುಂದಿನ ಬ್ರೇಕನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿದರೆ ಸವಾರ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಹೋಗಬಹುದು ಎಂಬ ಭಯದಿಂದ ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ, ಇದೂ ತಪ್ಪು. ಎರಡನ್ನೂ ಮೆಲ್ಲಗೆ ಹಿಡಿಯುತ್ತ ಬಲವನ್ನು ಹೆಚ್ಚಿಸುತ್ತ ಹೋಗಬೇಕು, ಮತ್ತು ಕಾಲು ನೆಲಕ್ಕೆ ಬಂದ ಮೇಲೂ ಬಿಡಬಾರದು. ಹಳೆಯ ದೊಡ್ಡ ಸೈಕಲ್ಲುಗಳ ಸರಳಿನ ಬ್ರೇಕುಗಳಲ್ಲಿ ರಬ್ಬರು ಉಕ್ಕಿನ ರಿಮ್ಮಿಗೆ ಒತ್ತುತ್ತದೆ. ಮಳೆಯಲ್ಲಿ ನೆನೆದ ಉಕ್ಕಿನ ಮೇಲೆ ರಬ್ಬರಿಗೆ ಹಿಡಿತ ಸಿಗುವುದಿಲ್ಲ. ಚಕ್ರ ಕೆಲವು ಸುತ್ತು ತಿರುಗಿ ರಿಮ್ಮಿನ ನೀರು ಒರೆಸಿಹೋದ ನಂತರವೇ ಹಿಡಿತ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಿಲ್ಲುವ ಜಾಗಕ್ಕೆ ಬಹಳ ಮುಂಚೆಯೇ ಬ್ರೇಕನ್ನು ಹಗುರಾಗಿ ತಾಗಿಸಿಕೊಂಡು ಬರಬೇಕು. ಸಣ್ಣ ಕೈಯ ಮಕ್ಕಳ ಬೆರಳು ಬ್ರೇಕ್ ಹಿಡಿಗೆ ಸಲೀಸಾಗಿ ಎಟುಕುತ್ತದೆಯೇ ಎಂದು ತಂದೆತಾಯಿ ಒಮ್ಮೆ ನೋಡಲಿ. ಎಟುಕದಿದ್ದರೆ ಅಂಗಡಿಯವರಿಗೆ ಹೇಳಿ ಸರಿಮಾಡಿಸಬೇಕು, ಏಕೆಂದರೆ ಅಂಥ ಮಗು ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ನಿಲ್ಲಿಸುವ ಅಭ್ಯಾಸವನ್ನು ಬೇಗ ಕಲಿಯುತ್ತದೆ, ಮತ್ತು ಹವಾಯಿ ಚಪ್ಪಲಿಯ ಉಂಗುಷ್ಠ ಕಿತ್ತ ದಿನ ಆ ಅಭ್ಯಾಸ ಹಲ್ಲಿಗೋ ಮೊಣಕಾಲಿಗೋ ಅಪಾಯ ತರುತ್ತದೆ.

ಇನ್ನು ಇಳಿಯುವ ಕ್ರಮ. ನಾನು ಎಲ್ಲರಿಗೂ ಕಲಿಸುವುದು ಎರಡು ಹಂತದ ಇಳಿಕೆ: ಮೊದಲು ನಿಲ್ಲುವುದು, ಅನಂತರ ಕಾಲು ದಾಟಿಸುವುದು. ನಿಲ್ಲಬೇಕಾದ ಜಾಗ ಇನ್ನೂ ಸ್ವಲ್ಪ ದೂರವಿರುವಾಗಲೇ ತುಳಿಯುವುದನ್ನು ಬಿಟ್ಟು, ಹಿಂದೆ ಬರುವ ವಾಹನಗಳನ್ನು ನೋಡಿಕೊಂಡು ರಸ್ತೆಯ ಎಡಕ್ಕೆ ಸರಿಯಬೇಕು. ಕೈ ತೋರಿಸುವುದಿದ್ದರೆ ಈಗಲೇ ತೋರಿಸಿ, ಕೈಯನ್ನು ಮತ್ತೆ ಬ್ರೇಕಿಗೆ ತರಬೇಕು. ನಿಲ್ಲುವ ಗಳಿಗೆಯಲ್ಲಿ ಒಂದೇ ಕೈಯಲ್ಲಿ ಹ್ಯಾಂಡಲ್ಲು ಹಿಡಿದಿರಬಾರದು. ಬಲಗಡೆಯ ಪೆಡಲ್ಲು ಪೂರ್ತಿ ಕೆಳಗೆ ಬರುವಂತೆ ತಂದುಕೊಂಡು, ಬ್ರೇಕು ಹಿಡಿಯುತ್ತ, ಬಲಗಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ಎದ್ದು, ಸೀಟು ಮತ್ತು ಹ್ಯಾಂಡಲ್ಲಿನ ನಡುವಣ ಜಾಗಕ್ಕೆ ದೇಹವನ್ನು ತರಬೇಕು. ಸೈಕಲ್ಲು ಇನ್ನೇನು ನಿಲ್ಲುತ್ತದೆ ಎನ್ನುವಾಗ ಅದನ್ನು ತುಸು ಎಡಕ್ಕೆ ವಾಲಿಸಿ ಎಡಗಾಲನ್ನು ಊರಬೇಕು. ಕೆಳಗಿರುವ ಪೆಡಲ್ಲಿಗೂ ನೆಲಕ್ಕೂ ಇರುವ ಅಂತರ ಒಂದು ಗೇಣಿಗಿಂತಲೂ ಕಡಿಮೆ. ಸೀಟಿನ ಮೇಲಿಂದ ನೆಲಕ್ಕೆ ಕಾಲು ಚಾಚುವುದಕ್ಕೂ ಪೆಡಲ್ಲಿನಿಂದ ನೆಲಕ್ಕೆ ಹೆಜ್ಜೆ ಇಡುವುದಕ್ಕೂ ಇರುವ ವ್ಯತ್ಯಾಸ ಇದೇ. ಸೀಟಿನ ಮೇಲೆ ಕುಳಿತೇ ನೆಲ ಮುಟ್ಟಲು ನೋಡುವವರು ತುದಿಬೆರಳಿನ ಮೇಲೆ ನಿಲ್ಲುತ್ತಾರೆ, ತುದಿಬೆರಳಿನ ಮೇಲೆ ನಿಂತವರನ್ನು ಒಂದು ಸಣ್ಣ ಕಲ್ಲು ಕೆಡವುತ್ತದೆ. ಕುಳಿತಲ್ಲಿಂದಲೇ ಕಾಲು ಎಟುಕಲಿ ಎಂದು ಸೀಟನ್ನು ಬಹಳ ಕೆಳಗಿಳಿಸುವುದು ಕಲಿಯುವ ದಿನಗಳಿಗೆ ಮಾತ್ರ ಸರಿ. ನಿತ್ಯದ ಓಡಾಟಕ್ಕೆ ಪೆಡಲ್ಲು ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಮಡಿಚಿರುವಷ್ಟು ಎತ್ತರ ಬೇಕು, ಇಲ್ಲದಿದ್ದರೆ ಮೊಣಕಾಲು ನೋಯುತ್ತದೆ.

ಎಡಗಾಲು ಊರಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಹಾಗೆಯೇ ನಿಲ್ಲಬೇಕು. ಈ ಬಿಡುವನ್ನು ನಾನು ಪಟ್ಟುಹಿಡಿದು ಮಾಡಿಸುತ್ತೇನೆ. ಬ್ರೇಕು ಬಿಡದೆ, ಸೈಕಲ್ಲನ್ನು ಇನ್ನಷ್ಟು ಎಡಕ್ಕೆ ವಾಲಿಸಿದರೆ ಸೀಟು ತಗ್ಗುತ್ತದೆ. ಆಗ ಬಲಗಾಲನ್ನು ಸೀಟಿನ ಹಿಂದಿನಿಂದ ಸಾವಕಾಶವಾಗಿ ದಾಟಿಸಿ ಎಡಗಾಲಿನ ಪಕ್ಕಕ್ಕೆ ತರಬಹುದು.

ಎಡಗಡೆಗೇ ಏಕೆ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಚೈನು ಇರುವುದು ಬಲಗಡೆ; ಎಡಕ್ಕೆ ಇಳಿದರೆ ಪ್ಯಾಂಟಿಗೂ ಲಂಗಕ್ಕೂ ಎಣ್ಣೆ ಹತ್ತುವುದಿಲ್ಲ, ಬಟ್ಟೆಯ ಅಂಚು ಹಲ್ಲುಚಕ್ರಕ್ಕೆ ಸಿಕ್ಕುವುದಿಲ್ಲ. ಜೊತೆಗೆ ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ ಸೈಕಲ್ಲಿನ ಎಡಕ್ಕೆ ರಸ್ತೆಯ ಅಂಚು, ಬಲಕ್ಕೆ ಬಸ್ಸು ಲಾರಿಗಳು. ಬಲಬದಿಯಲ್ಲಿ ವಾಹನ ನಡೆಸುವ ದೇಶಗಳಲ್ಲಿ ಚೈನಿಗಾಗಿ ಎಡಕ್ಕೆ ಇಳಿದವರು ವಾಹನಗಳ ಕಡೆಗೇ ಇಳಿದಂತಾಗುತ್ತದೆ. ನಮಗೆ ಆ ಇಕ್ಕಟ್ಟಿಲ್ಲ, ಎರಡು ಕಾರಣಗಳೂ ಒಂದೇ ಕಡೆಗೆ ಬೊಟ್ಟು ಮಾಡುತ್ತವೆ. ಆದರೂ ಈ ನಿಯಮವನ್ನು ಕಣ್ಣುಮುಚ್ಚಿ ಪಾಲಿಸುವಂತಿಲ್ಲ. ಭದ್ರಾ ನಾಲೆಯ ಏರಿಯ ಮೇಲೆ ಹೋಗುವಾಗ ಎಡಕ್ಕೆ ನೀರಿದ್ದರೆ, ಇಳಿಯಬೇಕಾದದ್ದು ಬಲಕ್ಕೆ. ಆದ್ದರಿಂದ ಎಡಕ್ಕೆ ಇಳಿಯುವುದು ರೂಢಿಯಾದ ಮೇಲೆ ಬಲಕ್ಕೆ ಇಳಿಯುವುದನ್ನೂ ಅಭ್ಯಾಸ ಮಾಡಿಸುತ್ತೇನೆ. ನಾಲೆಯ ಬದಿಯ ಹಳ್ಳಿಗಳ ಮಕ್ಕಳಿಗೆ ಇದು ನಿತ್ಯ ಬೇಕಾಗುವ ವಿದ್ಯೆ.

ಸೈಕಲ್ಲಿನ ಚರಿತ್ರೆಯನ್ನು ನೋಡಿದರೂ ಅದರಲ್ಲಿ ಇಳಿಯುವ ಸಮಸ್ಯೆಗೆ ದೊಡ್ಡ ಪಾಲಿದೆ. ಜರ್ಮನಿಯ ಕಾರ್ಲ್ ವಾನ್ ಡ್ರೈಸ್ 1817ರಲ್ಲಿ ತೋರಿಸಿದ ಎರಡು ಚಕ್ರದ ಮರದ ಗಾಡಿಗೆ ಪೆಡಲ್ಲೇ ಇರಲಿಲ್ಲ. ಸವಾರ ನೆಲವನ್ನು ಒದ್ದು ಸಾಗುತ್ತಿದ್ದುದರಿಂದ ಕಾಲು ಸದಾ ನೆಲದ ಬಳಿಯಲ್ಲೇ ಇರುತ್ತಿತ್ತು. 1870ರ ದಶಕದಲ್ಲಿ ಹೆಚ್ಚು ವೇಗ ಪಡೆಯಲೆಂದು ಮುಂದಿನ ಚಕ್ರವನ್ನು ದೊಡ್ಡದು ಮಾಡುತ್ತ ಹೋದರು, ಅದು ನಾಲ್ಕರಿಂದ ಐದು ಅಡಿ ಎತ್ತರಕ್ಕೆ ಬೆಳೆಯಿತು. ಪೆಡಲ್ಲುಗಳು ಆ ಚಕ್ರಕ್ಕೇ ಜೋಡಿಸಿರುತ್ತಿದ್ದವು, ಸವಾರ ಅದರ ನೆತ್ತಿಯ ಮೇಲೆ ಕುಳಿತಿರುತ್ತಿದ್ದ. ಇಳಿಯಬೇಕಾದರೆ ಹಿಂದಿನ ಸಣ್ಣ ಚಕ್ರದ ಮೇಲ್ಭಾಗದಲ್ಲಿದ್ದ ಪುಟ್ಟ ಮೆಟ್ಟಿಲನ್ನು ಕಾಲಿನಿಂದ ತಡಕಿ ಹುಡುಕಬೇಕಿತ್ತು. ಮುಂದಿನ ಚಕ್ರ ಕಲ್ಲಿಗೆ ತಾಗಿದರೆ ಅಷ್ಟೆತ್ತರದಿಂದ ತಲೆ ಕೆಳಗಾಗಿ ಬೀಳುವುದೇ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಅವರು ರೋವರ್ ಎಂಬ ಸೈಕಲ್ಲನ್ನು ಹೊರತಂದಾಗ ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ವ್ಯವಸ್ಥೆಯಿಂದಾಗಿ ದೊಡ್ಡ ಚಕ್ರದ ಅಗತ್ಯ ಹೋಯಿತು, ಸವಾರ ಕೆಳಗಿಳಿದು ಎರಡು ಚಕ್ರಗಳ ನಡುವೆ ಕುಳಿತ. ಈ ಬಗೆಯ ಸೈಕಲ್ಲನ್ನು ಆಗಿನವರು ಸೇಫ್ಟಿ ಬೈಸಿಕಲ್ ಎಂದೇ ಕರೆದರು. ನಾವಿಂದು ತುಳಿಯುತ್ತಿರುವುದು ಅದೇ ಆಕಾರದ ಸೈಕಲ್ಲು. ಕಾಲು ನೆಲಕ್ಕೆ ಸುಲಭವಾಗಿ ಬರಬೇಕೆಂಬುದು ಅದರ ಮೂಲ ಗುಣಗಳಲ್ಲಿ ಒಂದು.

ನಮ್ಮ ಊರುಗಳಲ್ಲಿ ಗಂಡಸರು ಹೆಚ್ಚಾಗಿ ಇಳಿಯುವ ರೀತಿ ಬೇರೆ. ಸೈಕಲ್ಲು ಓಡುತ್ತಿರುವಾಗಲೇ ಎಡ ಪೆಡಲ್ಲಿನ ಮೇಲೆ ಎದ್ದು ನಿಂತು, ಬಲಗಾಲನ್ನು ಕ್ಯಾರಿಯರ್ ಮೇಲಿಂದ ಈಚೆಗೆ ತಂದು, ಒಂಟಿಗಾಲಿನಲ್ಲಿ ತೇಲುತ್ತ ಬಂದು, ಅಂಗಡಿಯ ಮುಂದೆ ನಡಿಗೆಗೆ ಸೇರಿಕೊಳ್ಳುವುದು. ಹಾಲು ಹಾಕುವವರು, ಪೇಪರ್ ಹಾಕುವ ಹುಡುಗರು ಇದನ್ನು ಮಾಡುವ ಚೆಂದವನ್ನು ನಾನು ಮೆಚ್ಚುತ್ತೇನೆ, ಬೇಡವೆಂದು ಹೇಳುವುದೂ ಇಲ್ಲ. ಆದರೆ ಅದಕ್ಕೆ ನಿಬಂಧನೆಗಳಿವೆ. ಎಡ ಪೆಡಲ್ಲು ಪೂರ್ತಿ ಕೆಳಗೆ ಬಂದಿರಲೇಬೇಕು. ಅದು ಮೇಲೆಯೋ ಮುಂದೆಯೋ ಇರುವಾಗ ಅದರ ಮೇಲೆ ಇಡೀ ದೇಹದ ಭಾರ ಬಿದ್ದರೆ ಸೈಕಲ್ಲು ನಿಲ್ಲುವ ಬದಲು ಮುಂದಕ್ಕೆ ಜಿಗಿಯುತ್ತದೆ. ಹಿಂದಿದ್ದರೆ ಫ್ರೀವೀಲಿನ ಕಾರಣ ಪೆಡಲ್ಲು ಹಿಮ್ಮುಖವಾಗಿ ಜಾರಿ, ಕಾಲು ತಪ್ಪಿ, ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿಯುತ್ತದೆ. ಭಾರವೆಲ್ಲ ಎಡಕ್ಕಿರುವುದರಿಂದ ಸೈಕಲ್ಲನ್ನು ತುಸು ಬಲಕ್ಕೆ ವಾಲಿಸಿ ಹಿಡಿದಿರಬೇಕು, ವೇಗ ನಡಿಗೆಯ ಮಟ್ಟಕ್ಕೆ ಬಂದಿರಬೇಕು. ಕ್ಯಾರಿಯರ್ ಖಾಲಿಯಿರಬೇಕು, ನೆಲ ಕಣ್ಣಿಗೆ ಕಾಣುತ್ತಿರಬೇಕು. ಪಂಚೆ ಉಟ್ಟವರು ಅದನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿರಬೇಕು, ಏಕೆಂದರೆ ಕಾಲು ಹಿಂದಕ್ಕೆ ಎತ್ತುವಾಗ ಸೀಟಿನ ಹಿಂಬದಿಯ ಸ್ಪ್ರಿಂಗಿಗೆ ಪಂಚೆಯ ಅಂಚು ಸಿಕ್ಕಿಕೊಳ್ಳುತ್ತದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಎರಡು ಹಂತದ ಇಳಿಕೆಗೆ ಹಿಂತಿರುಗುವುದು ಮೇಲು. ಕತ್ತಲಲ್ಲಂತೂ ಇದು ಬೇಡವೇ ಬೇಡ.

ನೆಲದ ವಿಚಾರ ಬಂದದ್ದರಿಂದ ನಮ್ಮ ರಸ್ತೆಗಳ ಬಗ್ಗೆ ಹೇಳುತ್ತೇನೆ. ದಾವಣಗೆರೆಯ ಸುತ್ತ ಮೆಕ್ಕೆಜೋಳದ ಬೆಳೆ ದೊಡ್ಡದು. ಕೊಯ್ಲಿನ ಕಾಲದಲ್ಲಿ ಹಳ್ಳಿಯ ರಸ್ತೆಗಳ ಅರ್ಧಭಾಗ ಒಣಹಾಕಿದ ಜೋಳದಿಂದ ಹಳದಿಯಾಗಿರುತ್ತದೆ. ರೈತರಿಗೆ ಕಣ ಸಾಲದಿದ್ದಾಗ ರಸ್ತೆಯೇ ಕಣವಾಗುವುದನ್ನು ನಾನು ದೂರುವುದಿಲ್ಲ. ಆದರೆ ಡಾಂಬರಿನ ಮೇಲೆ ಚದುರಿದ ಕಾಳುಗಳು ಚಕ್ರದ ಕೆಳಗೂ ಚಪ್ಪಲಿಯ ಕೆಳಗೂ ಉರುಳುತ್ತವೆ. ಅಂಥ ಕಡೆ ರಾಶಿಯ ಅಂಚು ಬರುವ ಮೊದಲೇ ನಿಂತು, ಇಳಿದು, ನಡೆಸಿಕೊಂಡು ದಾಟಬೇಕು. ಕಾಳಿನ ಮೇಲೆ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ಹೊಸದುರ್ಗ, ಹೊಳಲ್ಕೆರೆ ಕಡೆ ರಾಗಿಯ ಹುಲ್ಲನ್ನು ಒಕ್ಕಣೆಗೆಂದು ರಸ್ತೆಗೆ ಹರಡಿದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಹುಲ್ಲು ಚೈನಿಗೂ ಚಕ್ರದ ಗುಂಭಕ್ಕೂ ಸುತ್ತಿಕೊಂಡು ಸೈಕಲ್ಲನ್ನು ನಾವು ಬಯಸದ ಗಳಿಗೆಯಲ್ಲಿ ನಿಲ್ಲಿಸಿಬಿಡುತ್ತದೆ. ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರ ತಿರುಗದಂತಾಗುವುದು ಎಲ್ಲರಿಗೂ ಗೊತ್ತು. ಅಲ್ಲಿ ಸೈಕಲ್ಲು ಬಿಗಿಯುತ್ತಿದೆ ಎನಿಸಿದ ಕೂಡಲೇ ಇಳಿಯಬೇಕು, ಇನ್ನೊಂದು ಮಾರು ತುಳಿಯೋಣವೆಂಬ ಹಟ ಬೇಡ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಡಾಂಬರಿನ ಅಂಚು. ರಸ್ತೆಗೆ ಪದರದ ಮೇಲೆ ಪದರ ಡಾಂಬರು ಹಾಕಿದಂತೆಲ್ಲ ಪಕ್ಕದ ಮಣ್ಣು ತಗ್ಗಿನಲ್ಲೇ ಉಳಿಯುತ್ತದೆ. ಲಾರಿಗೆ ದಾರಿ ಬಿಡಲೆಂದು ಅಂಚಿಗೆ ಸರಿದು ಎಡಗಾಲು ಊರಿದವರಿಗೆ ನೆಲ ನಿರೀಕ್ಷಿಸಿದ ಕಡೆ ಇರುವುದಿಲ್ಲ, ಸೈಕಲ್ಲಿನ ಸಮೇತ ಎಡಕ್ಕೆ ಬೀಳುತ್ತಾರೆ. ಕಾಲು ಊರುವ ಜಾಗವನ್ನು ಒಂದು ಕ್ಷಣ ಮುಂಚೆ ಕಣ್ಣಿನಿಂದ ನೋಡಿಟ್ಟುಕೊಂಡು, ಆಮೇಲೆ ದೃಷ್ಟಿಯನ್ನು ಮತ್ತೆ ಮುಂದಕ್ಕೆ ತರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಊರಿನೊಳಗೆ, ಮಂಡಿಪೇಟೆಯಂಥ ಇಕ್ಕಟ್ಟಿನ ಕಡೆ ಚರಂಡಿಯ ಚಪ್ಪಡಿಯ ಮೇಲೆ ಕಾಲಿಡುವಾಗಲೂ ಇದೇ ಮಾತು. ದಾವಣಗೆರೆಯ ನಡುವೆಯೇ ರೈಲುಮಾರ್ಗ ಹಾದುಹೋಗಿರುವುದರಿಂದ ಅಶೋಕ ಟಾಕೀಸಿನ ಬಳಿಯ ಗೇಟಿನಲ್ಲಿ ಸೈಕಲ್ಲು ಹಿಡಿದು ಕಾದವರು ನಮ್ಮಲ್ಲಿ ಬಹಳ ಜನ. ಹಳಿಗಳನ್ನು ಓರೆಯಾಗಿ ದಾಟಲು ಹೋದರೆ ಸೈಕಲ್ಲಿನ ತೆಳುವಾದ ಚಕ್ರ ಹಳಿಯ ಪಕ್ಕದ ಸಂದಿನಲ್ಲಿ ಇಳಿಯುತ್ತದೆ, ಒದ್ದೆ ಹಳಿಯ ಮೇಲೆ ಜಾರುತ್ತದೆ. ಯಾವ ರೈಲ್ವೆ ಗೇಟೇ ಇರಲಿ, ಇಳಿದು, ಹಳಿಗೆ ನೇರ ಅಡ್ಡವಾಗಿ ನಡೆಸಿಕೊಂಡು ದಾಟುವುದು ಸರಿ.

ಚಿತ್ರದುರ್ಗದಲ್ಲಿ ಕೆಲಸ ಮಾಡುವಾಗ ಏರಿಳಿತದ ರಸ್ತೆಯಲ್ಲಿ ಇಳಿಯುವುದು ಬೇರೆಯದೇ ಪಾಠವೆಂದು ತಿಳಿಯಿತು. ದಾವಣಗೆರೆಯ ಸಮತಟ್ಟಿನಲ್ಲಿ ಕಲಿತವರು ಜೋಗಿಮಟ್ಟಿಯ ಕಡೆಯಿಂದ ಇಳಿದು ಬರುವ ರಸ್ತೆಯಲ್ಲಿ, ಬೇಕಾದಾಗ ನಿಲ್ಲಿಸಬಹುದೆಂಬ ಲೆಕ್ಕದಲ್ಲಿ ವೇಗವನ್ನು ಬಿಡುತ್ತಾರೆ. ಇಳಿಜಾರಿನಲ್ಲಿ ವೇಗ ಬಂದ ಮೇಲೆ ನಿಲ್ಲಿಸುವುದಕ್ಕಿಂತ, ವೇಗ ಬರಗೊಡದಿರುವುದು ಸುಲಭ. ಬ್ರೇಕು ಸಡಿಲವಿದ್ದರೆ ಇಳಿಜಾರಿನ ತಲೆಯಲ್ಲೇ ಇಳಿದು, ಎಡಗಡೆ ನಡೆಯುತ್ತ, ಎರಡೂ ಬ್ರೇಕುಗಳನ್ನು ಹಗುರಾಗಿ ಹಿಡಿದು ಸೈಕಲ್ಲನ್ನು ತರಬೇಕು. ನಡುವೆ ಬ್ರೇಕು ಕೈಕೊಟ್ಟರೆ ಹಾರಿ ಇಳಿಯಬಾರದು. ಕುಳಿತೇ ಇದ್ದು, ಏರುವ ಕಡೆಗೋ ಮರಳು, ಹುಲ್ಲು ಇರುವ ಕಡೆಗೋ ಸೈಕಲ್ಲನ್ನು ತಿರುಗಿಸಿ ವೇಗ ಕಳೆಯಬೇಕು. ಏರಿನಲ್ಲಿ ಅಪಾಯ ಸಣ್ಣದು, ಆದರೆ ಮುಜುಗರದ್ದು. ಉಸಿರು ಕಟ್ಟಿ ಸೈಕಲ್ಲು ನಿಂತೇಹೋಗುವ ತನಕ ತುಳಿದವರು ಇಳಿಯಲು ಸಮಯವಿಲ್ಲದೆ ಪಕ್ಕಕ್ಕೆ ಒರಗುತ್ತಾರೆ. ಹ್ಯಾಂಡಲ್ಲು ಅತ್ತಿತ್ತ ಓಲಾಡಲು ಆರಂಭಿಸಿದ್ದೇ ಇಳಿಯುವ ಸೂಚನೆ. ಇಳಿದ ಕೂಡಲೇ ಬ್ರೇಕು ಹಿಡಿಯದಿದ್ದರೆ ಸೈಕಲ್ಲು ಹಿಂದಕ್ಕೆ ಉರುಳುತ್ತದೆ.

ಹೆಣ್ಣುಮಕ್ಕಳ ಸೈಕಲ್ಲಿನಲ್ಲಿ ಅಡ್ಡ ಪೈಪು ಕೆಳಗಿರುವುದರಿಂದ ಬಲಗಾಲನ್ನು ಮುಂದಿನಿಂದಲೇ ಈಚೆಗೆ ತರಬಹುದು. ಸೀರೆ ಉಟ್ಟವರಿಗೆ ಇದೊಂದೇ ಸಾಧ್ಯವಾದ ದಾರಿ. ಸುಲಭವಾಗಿರುವುದರಿಂದಲೇ ಅನೇಕರು ಸೈಕಲ್ಲು ಓಡುತ್ತಿರುವಾಗಲೇ ಕಾಲನ್ನು ಈಚೆಗೆ ತಂದು ಎರಡೂ ಕಾಲುಗಳನ್ನು ಎಡಕ್ಕೆ ಇಳಿಬಿಡುತ್ತಾರೆ. ಆಗ ಸೆರಗೋ ನೆರಿಗೆಯೋ ಪೆಡಲ್ಲಿಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಕಾಲೂ ಇಲ್ಲ, ಕೈಯೂ ಇಲ್ಲ. ನಿಂತ ಮೇಲೆಯೇ ಕಾಲು ದಾಟಿಸಬೇಕೆಂಬುದು ಇಲ್ಲಿಯೂ ಅನ್ವಯಿಸುತ್ತದೆ. ಚೂಡಿದಾರದ ವೇಲನ್ನು ಹಿಂದಕ್ಕೆ ಬಿಡದೆ ಅಡ್ಡ ಹಾಕಿ ಸೊಂಟದ ಬಳಿ ಗಂಟು ಹಾಕಬೇಕು, ಸೆರಗನ್ನು ಸಿಕ್ಕಿಸಿರಬೇಕು, ಹಿಂದಿನ ಚಕ್ರಕ್ಕೆ ಸೀರೆಯ ಜಾಲರಿ ಹಾಕಿಸಿರಬೇಕು. ಈ ತಯಾರಿಯಿಲ್ಲದೆ ಮೈದಾನಕ್ಕೆ ಬಂದವರನ್ನು ನಾನು ಮೊದಲು ವೇಲು ಕಟ್ಟಿಕೊಂಡು ಬನ್ನಿ ಎಂದು ಕಳಿಸುತ್ತೇನೆ.

ಹಿಂದೆ ಹುಲ್ಲಿನ ಹೊರೆಯೋ ಗ್ಯಾಸ್ ಸಿಲಿಂಡರೋ ಮಗುವೋ ಇದ್ದಾಗ ಕಾಲನ್ನು ಹಿಂದಿನಿಂದ ದಾಟಿಸಲಾಗುವುದಿಲ್ಲ. ಪೈಪಿರುವ ಸೈಕಲ್ಲಾದರೆ ನಿಂತು, ಎಡಕ್ಕೆ ಸಾಕಷ್ಟು ವಾಲಿಸಿ, ಬಲ ಮೊಣಕಾಲನ್ನು ಎದೆಯ ಕಡೆಗೆ ಮಡಿಚಿ ಪೈಪಿನ ಮೇಲಿಂದ ಮುಂದಿನಿಂದಲೇ ತರಬೇಕು. ವಾಲಿಸಿದಷ್ಟೂ ಹೊರೆಯ ಭಾರ ಕೈಗೆ ಬರುವುದರಿಂದ ಇದನ್ನು ಖಾಲಿ ಸೈಕಲ್ಲಿನಲ್ಲಿ ಮೊದಲು ರೂಢಿಸಿಕೊಳ್ಳಬೇಕು. ಮಗು ಹಿಂದಿದ್ದರೆ ಮೊದಲು ಇಳಿಯಬೇಕಾದದ್ದು ಮಗುವೇ. ದೊಡ್ಡವರು ಎರಡೂ ಕಾಲು ಊರಿ, ಎರಡೂ ಬ್ರೇಕು ಹಿಡಿದು, "ಈಗ ಇಳಿ ಪುಟ್ಟ" ಎಂದು ಹೇಳುವ ತನಕ ಅದು ಅಲುಗಬಾರದು, ಕಾಲನ್ನು ಚಕ್ರದ ಕಡೆಗೆ ತರಬಾರದು. ಕಡ್ಡಿಗಳ ನಡುವೆ ಹಿಮ್ಮಡಿ ಸಿಕ್ಕಿ ಆಗುವ ಗಾಯ ಬಹಳ ಕೆಟ್ಟದ್ದು, ವಾಸಿಯಾಗಲು ಬಹಳ ಕಾಲ ಹಿಡಿಯುತ್ತದೆ. ಮಗುವನ್ನು ಕೂರಿಸುವವರು ಕಾಲಿಡಲು ಮೆಟ್ಟು, ಕಡ್ಡಿಗೆ ಜಾಲರಿ ಹಾಕಿಸದೆ ಕೂರಿಸಲೇಬಾರದು. ದೊಡ್ಡವರು ಕ್ಯಾರಿಯರ್ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟು ಕುಳಿತಿದ್ದಾಗ ನಿಲ್ಲುವ ಮುಂಚೆ ತಾವಾಗಿ ಜಿಗಿಯುವುದುಂಟು. ಅವರ ಭಾರ ಎಡದಿಂದ ತಟ್ಟನೆ ತಪ್ಪಿದಾಗ ಸೈಕಲ್ಲು ಬಲಕ್ಕೆ, ಅಂದರೆ ವಾಹನಗಳ ಕಡೆಗೆ ಹೊಯ್ದಾಡುತ್ತದೆ; ಮುಂದಿರುವವರ ಪ್ರಾಣಕ್ಕೆ ಇದರಿಂದ ಅಪಾಯ.

ಹಿರಿಯರ ವಿಷಯದಲ್ಲಿ ನನಗೆ ವಿಶೇಷ ಕಾಳಜಿಯಿದೆ. ಐವತ್ತು ವರ್ಷ ಒಂದೇ ರೀತಿಯಲ್ಲಿ ಇಳಿದ ದೇಹ ಒಂದು ದಿನ ಆ ರೀತಿಯನ್ನು ನಿರಾಕರಿಸುತ್ತದೆ. ಸೊಂಟದ ಕೀಲು ಬಿಗಿದು, ಕಾಲು ಕ್ಯಾರಿಯರಿನ ಎತ್ತರಕ್ಕೆ ಏಳದೆ ಸೀಟಿಗೆ ತಾಗುತ್ತದೆ. "ಮೇಷ್ಟ್ರೇ, ಸೈಕಲ್ ಬಿಟ್ಬಿಡಪ್ಪ ಅಂತಾರೆ ಹುಡುಗರು, ಹೊಲಕ್ಕೆ ಹೆಂಗ್ ಹೋಗ್ಲಿ ಹೇಳ್ರಿ" ಎಂದು ಒಬ್ಬ ಅಜ್ಜ ಕೇಳಿದ್ದರು. ಸೈಕಲ್ಲು ಬಿಡಬೇಕಾಗಿಲ್ಲ, ಇಳಿಯುವ ಬಗೆಯನ್ನು ಬದಲಿಸಿದರೆ ಸಾಕು. ಪೈಪು ಕೆಳಗಿರುವ ಸೈಕಲ್ಲಿಗೆ ಬದಲಾಯಿಸಿಕೊಳ್ಳುವುದು ಮೊದಲ ಉಪಾಯ. ಹೆಂಗಸರ ಸೈಕಲ್ಲೆಂದು ಸಂಕೋಚಪಡುವುದರಲ್ಲಿ ಅರ್ಥವಿಲ್ಲ. ಅದಾಗದಿದ್ದರೆ ಸೀಟನ್ನು ಒಂದೆರಡು ಇಂಚು ತಗ್ಗಿಸಿ, ಮನೆಯ ಕಟ್ಟೆಯ ಪಕ್ಕಕ್ಕೋ ಮೈಲಿಗಲ್ಲಿನ ಪಕ್ಕಕ್ಕೋ ತಂದು ನಿಲ್ಲಿಸಿ, ಎಡಗಾಲನ್ನು ಅದರ ಮೇಲೆ ಊರಿದರೆ ಬಲಗಾಲು ಅಷ್ಟು ಎತ್ತರ ಏಳಬೇಕಾಗುವುದಿಲ್ಲ. ವಯಸ್ಸಾದವರ ಮೂಳೆಗೆ ನಿಂತಲ್ಲಿಂದ ಬಿದ್ದ ಪೆಟ್ಟೂ ಸಾಕಾಗುವುದರಿಂದ ಅವರಿಗೆ ಓಡುವ ಸೈಕಲ್ಲಿನಿಂದ ಇಳಿಯುವ ರೂಢಿಯನ್ನು ಬಿಡಿಸುವುದು ಮನೆಯವರ ಕರ್ತವ್ಯ. ಆ ಅಜ್ಜನವರು ಈಗ ತಮ್ಮ ಮೊಮ್ಮಗಳಿಗೆ ಶಾಲೆಯಿಂದ ಬಂದ ಸೈಕಲ್ಲಿನಲ್ಲಿ ಹೊಲಕ್ಕೆ ಹೋಗುತ್ತಾರೆ, ಅವಳಿಗೆ ರಜೆ ಇದ್ದ ದಿನ.

ಇಳಿದ ಮೇಲೆ ಸ್ಟ್ಯಾಂಡು ಹಾಕುವ ತನಕ ಕೆಲಸ ಮುಗಿಯುವುದಿಲ್ಲ. ಒಂಟಿ ಸ್ಟ್ಯಾಂಡು ಎಡಗಡೆಯಿರುವುದರಿಂದ ಎಡಕ್ಕೆ ಇಳಿದವರಿಗೆ ಅದು ಕಾಲಿನ ಬಳಿಯೇ ಸಿಗುತ್ತದೆ. ಅದನ್ನು ಒದ್ದು ಬಿಡಿಸುವಾಗಲೂ ಬ್ರೇಕು ಹಿಡಿದಿರಬೇಕು. ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸುವ ದೊಡ್ಡ ಸ್ಟ್ಯಾಂಡಿಗೆ ಎಡಗೈಯಲ್ಲಿ ಹ್ಯಾಂಡಲ್ಲು, ಬಲಗೈಯಲ್ಲಿ ಕ್ಯಾರಿಯರ್ ಹಿಡಿದು, ಕಾಲಿನಿಂದ ಸ್ಟ್ಯಾಂಡನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯಬೇಕು. ಎರೆಮಣ್ಣಿನಲ್ಲಿ ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲು ಇಡದಿದ್ದರೆ ಅದು ನಿಧಾನವಾಗಿ ಹೂತು ಸೈಕಲ್ಲು ಬೀಳುತ್ತದೆ. ಎರಡು ಕಡೆ ಹಾಲಿನ ಕ್ಯಾನುಗಳಿದ್ದರೆ, ಒಂಟಿ ಸ್ಟ್ಯಾಂಡಿನ ಮೇಲೆ ಸೈಕಲ್ಲು ಎಡಕ್ಕೆ ಒರಗಿ ನಿಂತಿರುವುದರಿಂದ, ಎಡಗಡೆಯ ಕ್ಯಾನನ್ನು ಮೊದಲು ಇಳಿಸಿದರೆ ಬಲಗಡೆಯ ಭಾರ ಸೈಕಲ್ಲನ್ನು ಆಚೆಗೆ ಎಳೆದುಕೊಂಡು ಬೀಳುತ್ತದೆ. ಬಲಗಡೆಯದನ್ನು ಮೊದಲು ಇಳಿಸಿದರೆ ಇಡೀ ಭಾರ ಸ್ಟ್ಯಾಂಡಿನ ಮೇಲೆ ಬಿದ್ದು ಅದು ಬಾಗುತ್ತದೆ. ಹಾಲಿನವರು ದೊಡ್ಡ ಸ್ಟ್ಯಾಂಡನ್ನೇ ಹಾಕಿಸಿಕೊಳ್ಳಲಿ, ಇಳಿಸುವಾಗ ಇನ್ನೊಬ್ಬರು ಹ್ಯಾಂಡಲ್ಲು ಹಿಡಿದಿರಲಿ.